ವಾರಕ್ಕೊಮ್ಮೆ ಕೂಗುತ್ತಿದ್ದ ಬೈಕು: ಅಲಾರಂ ಸೈರನ್ನಿನ ಒಳಗಿನ ಬ್ಯಾಟರಿ ಬದಲಿಸಿದ ಒಂದು ಪ್ರಕರಣ

ನಾನು ಬೆಂಗಳೂರಿನಲ್ಲಿ ಬೈಕ್ ವೈರಿಂಗ್ ಕೆಲಸ ಮಾಡುವವನು. ಇದು ನನ್ನ ಕೈಗೆ ಬಂದ ಒಂದೇ ಒಂದು ಗಾಡಿಯ ವಿಷಯ. ಬೈಕಿನ ಕಂಪನಿ, ಬಡಾವಣೆ, ಜನರ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಅಳತೆಯ ಅಂಕಿಗಳನ್ನು ಮಾತ್ರ ಅಂಗಡಿ ಪುಸ್ತಕದಲ್ಲಿ ಬರೆದುಕೊಂಡ ಹಾಗೇ ಕೊಟ್ಟಿದ್ದೇನೆ. ಇದನ್ನು ಬರೆಯಲು ಕಾರಣ, ಇದೇ ತೊಂದರೆ ಇರುವ ಗಾಡಿಗಳಿಗೆ ಸುಮ್ನೆ ಹೊಸ ಬ್ಯಾಟರಿ ಮೇಲೆ ಹೊಸ ಬ್ಯಾಟರಿ ಹಾಕಿಸುತ್ತಿರುವುದನ್ನು ನಾನು ಆಗಾಗ ನೋಡುತ್ತೇನೆ. ನಾನೂ ಈ ಗಾಡಿಯಲ್ಲಿ ಒಂದು ತಪ್ಪು ಮಾಡಿದೆ, ಅದನ್ನೂ ಬರೆದಿದ್ದೇನೆ.

ಗಾಡಿ ಮತ್ತು ಮನೆ

ಹೊರದೇಶದ ದೊಡ್ಡ ಬೈಕು. 2012ರ ಮಾಡೆಲ್, ಎರಡು ಸಿಲಿಂಡರ್, 12 ಆಂಪಿಯರ್-ಅವರ್ ಬ್ಯಾಟರಿ, ಅಂದರೆ ಲೆಕ್ಕಕ್ಕೆ ಒಂದು ಆಂಪಿಯರ್ ಕರೆಂಟನ್ನು 12 ಗಂಟೆ ಕೊಡುವಷ್ಟು. ಮಾಲೀಕರಿಗೆ ಐವತ್ತು ದಾಟಿದೆ. ವಾರವಿಡೀ ಆಫೀಸಿಗೆ ಮೆಟ್ರೋದಲ್ಲಿ ಹೋಗುತ್ತಾರೆ, ಭಾನುವಾರ ಬೆಳಗ್ಗೆ ಮಾತ್ರ ಬೈಕ್ ತೆಗೆದು ನಂದಿ ಬೆಟ್ಟದ ಕಡೆಗೋ ರಾಮನಗರದ ಕಡೆಗೋ ಒಂದು ಸುತ್ತು ಹಾಕಿ ಬರುತ್ತಾರೆ. ಉಳಿದ ಆರು ದಿನ ಅದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತಿರುತ್ತದೆ. ಹಿಂದೊಮ್ಮೆ ಅದೇ ಬೇಸ್‌ಮೆಂಟಿನಿಂದ ಪಕ್ಕದ ಮನೆಯವರ ಬೈಕು ಕಳುವಾಗಿತ್ತು. ಅದಕ್ಕೇ ಇವರಿಗೆ ಅಲಾರಂ ಬೇಕೇ ಬೇಕು.

ಈ ಅಲಾರಂ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಸೀಟಿನ ಕೆಳಗೆ ಒಂದು ಕಂಟ್ರೋಲ್ ಬಾಕ್ಸ್ ಇರುತ್ತದೆ. ಗಾಡಿ ಅಲುಗಾಡಿದರೆ, ವಾಲಿದರೆ ಅದು ಸೈರನ್ನಿಗೆ ಕೂಗು ಅನ್ನುತ್ತದೆ. ಆದರೆ ಬುದ್ಧಿವಂತ ಕಳ್ಳ ಗಾಡಿ ಅಲುಗಾಡಿಸುವ ಮೊದಲು ಬ್ಯಾಟರಿ ವೈರಿಗೆ ಕೈ ಹಾಕುತ್ತಾನೆ, ಅಲ್ವಾ? ಅದಕ್ಕಾಗಿ ಒಳ್ಳೆಯ ಸೈರನ್ನಿನ ಹೊಟ್ಟೆಯೊಳಗೇ ಒಂದು ಸಣ್ಣ ಬ್ಯಾಟರಿ ಇಟ್ಟಿರುತ್ತಾರೆ. ಗಾಡಿಯ 12 ವೋಲ್ಟ್ ಬರುವುದು ನಿಂತುಹೋದರೆ, ಅಥವಾ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ, ಯಾರೋ ವೈರ್ ಕತ್ತರಿಸಿದ್ದಾರೆ ಅಂದುಕೊಂಡು ಸೈರನ್ ತನ್ನ ಬ್ಯಾಟರಿಯಿಂದಲೇ ಕೂಗಲು ಶುರು ಮಾಡುತ್ತದೆ. ಗಾಡಿ ಸುಮ್ಮನೆ ನಿಂತಿರುವಾಗ ಆ ಸಣ್ಣ ಬ್ಯಾಟರಿ ದೊಡ್ಡ ಬ್ಯಾಟರಿಯಿಂದ ಚೂರು ಚೂರು ಕರೆಂಟ್ ತಗೊಂಡು ತುಂಬಿಕೊಳ್ಳುತ್ತಿರುತ್ತದೆ.

ಈ ಸಣ್ಣ ಬ್ಯಾಟರಿ ಒಳಗಿದೆ ಅನ್ನುವುದೇ ಎಷ್ಟೋ ಮಾಲೀಕರಿಗೆ ಗೊತ್ತಿರುವುದಿಲ್ಲ. ಇವರಿಗೂ ಗೊತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಅದನ್ನು ಯಾರೂ ಮುಟ್ಟಿರಲಿಲ್ಲ.

ತೊಂದರೆ ಮತ್ತು ಅದುವರೆಗಿನ ಪ್ರಯತ್ನ

ನಡುರಾತ್ರಿ ಎರಡು ಮೂರು ಗಂಟೆಗೆ ಸೈರನ್ ಕೂಗುತ್ತದೆ. ಮಾಲೀಕರು ಮೂರನೇ ಮಹಡಿಯಿಂದ ರಿಮೋಟ್ ಒತ್ತುತ್ತಾರೆ, ನಿಲ್ಲುವುದಿಲ್ಲ. ಲಿಫ್ಟಿನಲ್ಲಿ ಇಳಿದು, ಬೈಕಿನ ಹತ್ತಿರ ನಿಂತು, ಹತ್ತು ಸಲ ಒತ್ತಿದ ಮೇಲೆ ನಿಲ್ಲುತ್ತದೆ. ಅಷ್ಟರಲ್ಲಿ ಅರ್ಧ ಬಿಲ್ಡಿಂಗ್ ಎದ್ದಿರುತ್ತದೆ. ಮುಚ್ಚಿದ ಬೇಸ್‌ಮೆಂಟಿನಲ್ಲಿ ಆ ಸದ್ದು ಗೋಡೆಗೆ ಬಡಿದು ಎರಡರಷ್ಟಾಗಿ ಕೇಳುತ್ತದೆ. ಕೊನೆಗೆ ಅಸೋಸಿಯೇಷನ್ನಿನಿಂದ ಕಾಗದ ಬಂತು. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇದೆ, ಇನ್ನೊಂದು ಸಲ ಕೂಗಿದರೆ ದೂರು ಕೊಡುತ್ತೇವೆ ಅಂತ. ಇಂಥ ಸೈರನ್ ಹತ್ತಿರದಲ್ಲಿ 110 ಡೆಸಿಬೆಲ್ ದಾಟುತ್ತದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನನ್ನ ಹತ್ತಿರ ಬರುವ ಮೊದಲು ಎರಡು ಕಡೆ ತೋರಿಸಿದ್ದರು. ಒಂದು ಕಡೆ ಬೆಕ್ಕು ಹತ್ತುತ್ತಿರಬೇಕು ಅಂತ ಅಲುಗಾಟದ ಸೆನ್ಸರ್ ತೀರಾ ಮಂದ ಮಾಡಿಕೊಟ್ಟರು. ಕೂಗುವುದು ನಿಲ್ಲಲಿಲ್ಲ. ಆಗಿದ್ದು ಇಷ್ಟೇ, ಈಗ ಗಾಡಿಯನ್ನು ನಿಜವಾಗಿಯೂ ಯಾರಾದರೂ ತಳ್ಳಿಕೊಂಡು ಹೋದರೂ ಅಲಾರಂ ಏಳುವುದಿಲ್ಲ. ಇನ್ನೊಂದು ಕಡೆ ಬ್ಯಾಟರಿ ವೀಕ್ ಆಗಿದೆ ಅಂದರು. ಅದು ನಿಜವೇ ಆಗಿತ್ತು, ಅಳೆದರೆ ವೀಕ್ ಅಂತಲೇ ತೋರಿಸುತ್ತಿತ್ತು. ಹೊಸದು ಹಾಕಿದರು. ಒಂದೂವರೆ ವರ್ಷಕ್ಕೆ ಅದೂ ಹೋಯಿತು. ಇನ್ನೊಂದು ಹೊಸದು ಹಾಕಿದರು. ಎರಡೂ ಸೇರಿ ಹದಿನೈದು ಸಾವಿರಕ್ಕೂ ಜಾಸ್ತಿ ಖರ್ಚು. ಎರಡನೆಯದು ಹಾಕಿದ ವಾರವೇ ಮತ್ತೆ ಕೂಗಿತು.

"ನೋಡ್ರೀ, ಇದನ್ನ ಕಿತ್ತು ಬಿಸಾಕಿಬಿಡಿ ಅಂತಾರೆ ನಮ್ಮನೆಯವರು. ನಂಗೆ ಮನಸ್ಸು ಬರ್ತಿಲ್ಲ. ಒಂದ್ಸಲ ನೀವು ನೋಡಿ ಹೇಳಿ," ಅಂತ ಮಾಲೀಕರು ಫೋನ್ ಮಾಡಿದರು. ಗಾಡಿ ಅಂಗಡಿಗೆ ತರಿಸುವ ಬದಲು ನಾನೇ ಅಲ್ಲಿಗೆ ಹೋದೆ. ತೊಂದರೆ ಬರುವ ಜಾಗದಲ್ಲೇ ತೊಂದರೆ ನೋಡಬೇಕು ಅನ್ನುವುದು ನನ್ನ ಅಭ್ಯಾಸ. ಆ ದಿನ ಅದು ಫಲ ಕೊಟ್ಟಿತು.

ಅಜ್ಜಿಯ ಕ್ಯಾಲೆಂಡರ್

ಬೇಸ್‌ಮೆಂಟಿನ ಇಳಿಜಾರಿಗೆ ಅಂಟಿಕೊಂಡ ಹಾಗೆ ನೆಲಮಹಡಿಯಲ್ಲಿ ಒಂದು ಮನೆ. ಅಲ್ಲಿ ಒಬ್ಬರು ಅಜ್ಜಿ ಇರುತ್ತಾರೆ. ಸೈರನ್ನಿನಿಂದ ಎಲ್ಲರಿಗಿಂತ ಜಾಸ್ತಿ ನಿದ್ದೆ ಕೆಟ್ಟಿದ್ದು ಅವರದೇ. ನಾನು ಸೀಟ್ ಬಿಚ್ಚುತ್ತಿರುವಾಗ ಅವರು ಇಳಿದು ಬಂದು, "ಏನಪ್ಪಾ, ನೀನಾದ್ರೂ ಸರಿ ಮಾಡ್ತೀಯಾ?" ಅಂತ ಕೇಳಿದರು. ಯಾವಾಗ ಕೂಗುತ್ತದೆ ಅಂತ ನೆನಪಿದೆಯಾ ಅಮ್ಮ ಅಂದೆ. "ನೆನಪು ಯಾಕೆ, ಬರೆದಿಟ್ಟಿದೀನಿ ಬಾ," ಅಂತ ಒಳಗೆ ಕರೆದುಕೊಂಡು ಹೋದರು.

ಅಡುಗೆಮನೆ ಬಾಗಿಲಿನ ಪಕ್ಕ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್. ದೊಡ್ಡ ಅಂಕಿ, ಕೆಳಗೆ ತಿಥಿ ನಕ್ಷತ್ರ. ಪ್ರತಿ ದಿನದ ಚೌಕದಲ್ಲೂ ನೀಲಿ ಪೆನ್ನಿನಲ್ಲಿ ಹಾಲಿನ ಲೆಕ್ಕ: ಒಂದು ಗೀಟು ಅಂದರೆ ಅರ್ಧ ಲೀಟರ್, ಎರಡು ಗೀಟು ಅಂದರೆ ಒಂದು. ಅದರ ನಡುವೆ ಅಲ್ಲಲ್ಲಿ ಕೆಂಪು ಪೆನ್ನಿನಲ್ಲಿ "ಸೈ" ಅಂತ ಬರೆದು, ಪಕ್ಕದಲ್ಲಿ ಗಂಟೆ. 2.40. 3.10. 2.55. ಜೂನ್ ಹಾಳೆ, ಜುಲೈ ಹಾಳೆ, ಆಗಸ್ಟ್, ಸೆಪ್ಟೆಂಬರ್, ಎಲ್ಲ ತಿರುಗಿಸಿ ತೋರಿಸಿದರು. ಅಸೋಸಿಯೇಷನ್ನಿಗೆ ತೋರಿಸಲು ಅಂತ ಬರೆದಿಟ್ಟಿದ್ದರಂತೆ.

ನಾನು ಆ ಹಾಳೆಗಳ ಮುಂದೆ ಒಂದು ಕಾಲು ಗಂಟೆ ನಿಂತೆ. ಜೂನ್, ಜುಲೈಯಲ್ಲಿ ಕೆಂಪು ಗುರುತೆಲ್ಲ ಗುರುವಾರದ ಸಾಲಿನಲ್ಲಿ, ಅಂದರೆ ಬುಧವಾರ ರಾತ್ರಿ ಕಳೆದು ಗುರುವಾರ ಬೆಳಗಿನ ಜಾವ. ಆಗಸ್ಟ್ ನಡುವಿನಿಂದ ಎಲ್ಲ ಗುರುತೂ ಶನಿವಾರದ ಸಾಲಿಗೆ ಜಾರಿದೆ. ಆಗಸ್ಟ್ ನಡುವೆ ಏನಾಯಿತು? ಎರಡನೇ ಹೊಸ ಬ್ಯಾಟರಿ ಹಾಕಿಸಿದ್ದರು. ಇನ್ನೊಂದು: ಗಣೇಶನ ಹಬ್ಬದ ವಾರ ಒಂದು ಗುರುತೂ ಇಲ್ಲ. ಮಾಲೀಕರನ್ನು ಕೇಳಿದೆ. ಆ ವಾರ ನಡುವಲ್ಲಿ ಅಕ್ಕನ ಮನೆಗೆ ಊಟಕ್ಕೆ ಬೈಕಿನಲ್ಲೇ ಹೋಗಿದ್ದರಂತೆ.

ಇಲ್ಲೇ ದಾರಿ ಸಿಕ್ಕಿತು. ಬೆಕ್ಕಿಗೆ ವಾರ ಗೊತ್ತಾಗುವುದಿಲ್ಲ. ಕಳ್ಳನೂ ಬ್ಯಾಟರಿ ಹೊಸದಾಯಿತು ಅಂತ ಎರಡು ದಿನ ತಡವಾಗಿ ಬರುವುದಿಲ್ಲ. ಭಾನುವಾರ ಗಾಡಿ ಓಡಿದಾಗ ಬ್ಯಾಟರಿ ತುಂಬುತ್ತದೆ, ನಿಂತ ಮೇಲೆ ಯಾವುದೋ ಒಂದು ಅದನ್ನು ದಿನವೂ ಒಂದೇ ಸಮನೆ ಹೀರುತ್ತಿದೆ, ಹಳೇ ಬ್ಯಾಟರಿ ಆಗಿದ್ದಾಗ ಬುಧವಾರಕ್ಕೆ ಖಾಲಿ ಆಗುತ್ತಿತ್ತು, ಹೊಸದರಲ್ಲಿ ದಮ್ಮು ಜಾಸ್ತಿ ಇರುವುದರಿಂದ ಶುಕ್ರವಾರದವರೆಗೆ ಎಳೆಯುತ್ತಿದೆ. ಖಾಲಿಯಾಗಿ ವೋಲ್ಟೇಜ್ ಕೆಳಗಿಳಿದ ಗಳಿಗೆಯಲ್ಲಿ ಸೈರನ್ ವೈರ್ ಕತ್ತರಿಸಿದರು ಅಂದುಕೊಂಡು ಕೂಗುತ್ತದೆ. ರಾತ್ರಿ ಯಾಕೆ ಅಂದರೆ, ಅಂಚಿನಲ್ಲಿರುವ ಬ್ಯಾಟರಿಯ ವೋಲ್ಟೇಜ್ ತಂಪಿಗೆ ಇನ್ನೂ ಒಂಚೂರು ಇಳಿಯುತ್ತದೆ. ಕೂಗಿದ ಮೇಲೆ ಮಾಲೀಕರು ಅಲಾರಂ ಆಫ್ ಮಾಡಿ ಮಲಗುತ್ತಿದ್ದರು, ಶನಿವಾರ ಚಾರ್ಜರ್ ಹಾಕಿ ಭಾನುವಾರ ಗಾಡಿ ತೆಗೆಯುತ್ತಿದ್ದರು. ಅದಕ್ಕೇ ವಾರಕ್ಕೆ ಒಂದೇ ಸಲ.

ಹೀರುತ್ತಿರುವುದು ಏನು ಅನ್ನುವುದಷ್ಟೇ ಬಾಕಿ.

ಮೀಟರ್ ಹೇಳಿದ್ದು

ನಿಂತ ಗಾಡಿ ಎಷ್ಟು ಕರೆಂಟ್ ತಿನ್ನುತ್ತಿದೆ ಅಂತ ನೋಡಲು ಮಲ್ಟಿಮೀಟರನ್ನು ಬ್ಯಾಟರಿ ನೆಗೆಟಿವ್ ಮತ್ತು ಅದರ ಕೇಬಲ್ ನಡುವೆ ಹಾಕಬೇಕು. ಅಲಾರಂ ಇರುವ ಗಾಡಿಯಲ್ಲಿ ಕೇಬಲ್ ಸೀದಾ ಬಿಚ್ಚಿದರೆ ಸೈರನ್ ಕೂಗಿಬಿಡುತ್ತದೆ. ಹಾಗಾಗಿ ಮೊದಲು ಮೀಟರಿನ ಒಂದು ಕ್ಲಿಪ್ ಬ್ಯಾಟರಿ ಟರ್ಮಿನಲ್ಲಿಗೆ, ಇನ್ನೊಂದು ಕ್ಲಿಪ್ ಕೇಬಲ್ಲಿನ ತುದಿಗೆ ಹಾಕಿಕೊಂಡು, ಆಮೇಲೆ ಕೇಬಲ್ ನಿಧಾನವಾಗಿ ಎತ್ತಬೇಕು. ಕರೆಂಟ್ ಕಡಿಯದೆ ಮೀಟರಿನ ಮೂಲಕ ಹರಿಯುತ್ತದೆ. ಮೀಟರ್ 10 ಆಂಪಿಯರ್ ಸಾಕೆಟ್ಟಿನಲ್ಲಿರಬೇಕು. ಆಗ ಅಪ್ಪಿತಪ್ಪಿಯೂ ಸ್ಟಾರ್ಟರ್ ಒತ್ತಬಾರದು, ಒತ್ತಿದರೆ ಮೀಟರಿನ ಫ್ಯೂಸ್ ಹೋಗುತ್ತದೆ.

ಅಲಾರಂ ಆನ್ ಮಾಡಿ, ಎಲ್ಲ ತಣ್ಣಗಾಗಲಿ ಅಂತ ಹತ್ತು ನಿಮಿಷ ಕಾದೆ. ಮೀಟರ್ 0.08 ತೋರಿಸಿ ಅಲ್ಲೇ ನಿಂತಿತು. 80 ಮಿಲಿಆಂಪಿಯರ್. ದಿನದ 24 ಗಂಟೆಗೆ ಲೆಕ್ಕ ಹಾಕಿದರೆ 1.92 ಆಂಪಿಯರ್-ಅವರ್. 12ರ ಬ್ಯಾಟರಿ ಆರು ದಿನಕ್ಕೆ ಪೂರ್ತಿ ಖಾಲಿ. ಭಾನುವಾರ ಮಧ್ಯಾಹ್ನದಿಂದ ಎಣಿಸಿದರೆ ಶುಕ್ರವಾರ ರಾತ್ರಿ ಕಳೆಯುವ ಹೊತ್ತಿಗೆ ನೂರರಲ್ಲಿ ಹತ್ತಿಪ್ಪತ್ತು ಭಾಗ ಉಳಿದಿದ್ದರೆ ಹೆಚ್ಚು. ಅಜ್ಜಿಯ ಕ್ಯಾಲೆಂಡರಿಗೂ ಮೀಟರಿಗೂ ಸರಿಯಾಗಿ ತಾಳೆ ಆಯಿತು.

ವಾರವಾರವೂ ಹೀಗೆ ತಳಮುಟ್ಟ ಖಾಲಿ ಆಗುವ ಲೆಡ್-ಆಸಿಡ್ ಬ್ಯಾಟರಿ ಬಾಳುವುದಿಲ್ಲ. ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಶಕ್ತಿ ಕಳೆದುಕೊಳ್ಳುತ್ತದೆ. ಮೊದಲನೆಯದು ಒಂದೂವರೆ ವರ್ಷಕ್ಕೆ ಹೋಗಿದ್ದು ಹಾಗೆ. ಅದನ್ನು ಮಾರಿದ ಅಂಗಡಿಯವರ ತಪ್ಪಲ್ಲ ಅದು.

ಅಲಾರಂ ಆಫ್ ಮಾಡಿದೆ. ಆಫ್ ಮಾಡಿದರೂ 80ರಲ್ಲಿ ಹೆಚ್ಚೇನೂ ಇಳಿಯಲಿಲ್ಲ. ಇನ್ನು ಸೈರನ್ನಿನ ಕನೆಕ್ಟರ್ ಎಳೆಯಬೇಕು. ಈ ಸೈರನ್ನಿನ ಕೆಳಗೆ ಒಂದು ಪುಟ್ಟ ಬೀಗದಕೈ ಸ್ವಿಚ್ ಇದೆ, ಅದನ್ನು ತಿರುಗಿಸಿದರೆ ಒಳಗಿನ ಬ್ಯಾಟರಿ ಕಡಿದುಹೋಗಿ ಕೂಗುವುದಿಲ್ಲ. ಆದರೆ ಆ ಕೀ ಎಲ್ಲಿ ಹೋಯಿತೋ ಮಾಲೀಕರಿಗೆ ಗೊತ್ತಿರಲಿಲ್ಲ. ಹತ್ತರಲ್ಲಿ ಒಂಬತ್ತು ಗಾಡಿಗಳಲ್ಲಿ ಇದೇ ಕಥೆ. ಕಿವಿಗೆ ಹತ್ತಿ ಇಟ್ಟುಕೊಂಡು, ಅಜ್ಜಿಗೆ ಹೇಳಿ, ಕನೆಕ್ಟರ್ ಎಳೆದೆ.

ಕೂಗಿತು. ಒಂದು, ಎರಡು, ಮೂರು ಸೆಕೆಂಡ್ ಜೋರಾಗಿ, ನಾಲ್ಕನೆಯದಕ್ಕೆ ಗಂಟಲು ಕಟ್ಟಿದ ಹಾಗೆ ಕೀರಲಾಗಿ, ಐದಕ್ಕೆ ಸುಮ್ಮನಾಯಿತು.

ಚೆನ್ನಾಗಿರುವ ಸೈರನ್ ನಿಮಿಷಗಟ್ಟಲೆ ಕೂಗಬೇಕು. ಐದು ಸೆಕೆಂಡಿಗೆ ಸತ್ತಿತು ಅಂದರೆ ಹೊಟ್ಟೆಯೊಳಗೆ ಏನೂ ಉಳಿದಿಲ್ಲ. ರಾತ್ರಿ ಅಷ್ಟು ಹೊತ್ತು ಕೂಗುತ್ತಿದ್ದದ್ದು ದೊಡ್ಡ ಬ್ಯಾಟರಿಯಲ್ಲಿ ಉಳಿದಿದ್ದ ಕರೆಂಟಿನಿಂದಲೇ ಇರಬೇಕು. ಮೀಟರ್ ನೋಡಿದೆ. ಮಿಲಿಆಂಪಿಯರ್ ಸಾಕೆಟ್ಟಿಗೆ ಬದಲಿಸಿ ಸರಿಯಾಗಿ ಅಳೆದರೆ 7. ಉಳಿದ 73 ಅನ್ನೂ ಸೈರನ್ ಒಂದೇ ತಿನ್ನುತ್ತಿತ್ತು.

ಮಾಲೀಕರಿಗೆ ಅಲ್ಲೇ ನಿಲ್ಲಿಸಿ ವಿವರಿಸಿದೆ. "ಸರ್, ಸೈರನ್ ಕೂಗ್ತಿರೋದು ನಿಮ್ಮ ಬ್ಯಾಟರಿ ಕೆಟ್ಟಿದ್ದಕ್ಕಲ್ಲ. ಸೈರನ್ ಒಳಗಿನ ಬ್ಯಾಟರಿ ಕೆಟ್ಟಿದ್ದಕ್ಕೆ ನಿಮ್ಮ ದೊಡ್ಡ ಬ್ಯಾಟರಿ ಖಾಲಿ ಆಗ್ತಿದೆ, ಅದು ಖಾಲಿ ಆದಾಗ ಸೈರನ್ ಕೂಗ್ತಿದೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಎರಡು ಬ್ಯಾಟರಿ ದುಡ್ಡು ದಂಡ ಆಯ್ತು," ಅಂದರು. ಹೌದು ಅನ್ನದೆ ಬೇರೆ ದಾರಿ ಇರಲಿಲ್ಲ.

ಸೈರನ್ ಬಿಚ್ಚಿದಾಗ

ಮುಚ್ಚಳ ಅಂಟು ಹಾಕಿ ಸೀಲ್ ಮಾಡಿದ್ದರು. ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಸುತ್ತಲೂ ಗೆರೆ ಎಳೆದು ಎಳೆದು, ಒಂದು ಗಂಟೆ ಹಿಡಿಯಿತು. ಇದರಲ್ಲಿ ಅವಸರ ಮಾಡಬಾರದು, ಬ್ಲೇಡ್ ಎರಡು ಮಿಲಿಮೀಟರ್ ಜಾಸ್ತಿ ಒಳಗೆ ಹೋದರೆ ಬೋರ್ಡ್ ತುಂಡಾಗುತ್ತದೆ.

ಒಳಗೆ ಹಸಿರು ಪ್ಲಾಸ್ಟಿಕ್ ಸುತ್ತಿದ ಆರು ಸೆಲ್ಲುಗಳ ಪ್ಯಾಕ್. ನಿಕಲ್ ಮೆಟಲ್ ಹೈಡ್ರೈಡ್, ಟ್ರಿಪಲ್ ಎ ಸೆಲ್ಲಿಗಿಂತ ಗಿಡ್ಡ, 300 ಮಿಲಿಆಂಪಿಯರ್-ಅವರ್. ಒಂದೊಂದು 1.2 ವೋಲ್ಟ್, ಆರು ಸೇರಿ 7.2 ಇರಬೇಕು. ಮೀಟರ್ ಇಟ್ಟರೆ 2.9. ಬಿಡಿಬಿಡಿಯಾಗಿ ನೋಡಿದರೆ ಎರಡು ಸೆಲ್ ಪೂರ್ತಿ ಸೊನ್ನೆ, ಉಳಿದವು ಅರೆಜೀವ. ಒಂದು ಸೊನ್ನೆ ಸೆಲ್ಲಿನ ತಲೆಯಲ್ಲಿ ಬಿಳಿ ಉಪ್ಪಿನ ಹಾಗೆ ಪುಡಿ ಕಟ್ಟಿತ್ತು. ಆ ಪುಡಿಯಿಂದ ಒಂದು ತೆಳು ಗೆರೆ ವೈರಿನ ಮೇಲೆ ಹರಿದು ಬೋರ್ಡಿಗೆ ಇಳಿದಿತ್ತು. ಬೋರ್ಡ್ ಮುಟ್ಟಿದ ಕಡೆ ತಾಮ್ರದ ಗೆರೆ ಹಳೇ ಪಂಚಪಾತ್ರೆಯ ಅಂಚಿನ ಹಾಗೆ ನೀಲಿ-ಹಸಿರು ತಿರುಗಿತ್ತು. ಇನ್ನು ಆರು ತಿಂಗಳು ಬಿಟ್ಟಿದ್ದರೆ ಆ ಗೆರೆ ತುಂಡಾಗಿ ಸೈರನ್ನೇ ಎಸೆಯಬೇಕಾಗುತ್ತಿತ್ತು.

80 ಮಿಲಿಆಂಪಿಯರ್ ಯಾಕೆ ಅಂತ ಈಗ ಸ್ಪಷ್ಟವಾಯಿತು. ಪ್ಯಾಕಿನ ವೋಲ್ಟೇಜ್ ಒಂದು ಮಟ್ಟ ಮುಟ್ಟಿದ ಮೇಲೆ ತುಂಬಿತು ಅಂತ ಚಾರ್ಜಿಂಗ್ ಸರ್ಕ್ಯೂಟ್ ಹಿಂದೆ ಸರಿಯುತ್ತದೆ. ಎರಡು ಸೆಲ್ ಸತ್ತ ಪ್ಯಾಕ್ ಆ ಮಟ್ಟವನ್ನು ಯಾವತ್ತೂ ಮುಟ್ಟುವುದಿಲ್ಲ. ಹಾಗಾಗಿ ಅದು ಹಗಲೂ ರಾತ್ರಿ ತುಂಬುತ್ತಲೇ ಇತ್ತು, ತೂತು ಬಿಂದಿಗೆಗೆ ನೀರು ಸುರಿದ ಹಾಗೆ. ಆ ಕರೆಂಟೆಲ್ಲ ಬಿಸಿಯಾಗಿ ಹೋಗಿ, ಬಿಸಿಗೆ ಉಳಿದ ಸೆಲ್ಲುಗಳೂ ಬೇಗ ಸತ್ತವು. ಇಂಜಿನ್ನಿನ ಹತ್ತಿರ ಕೂರುವ ಸೈರನ್ನಿಗೆ ಮೊದಲೇ ಬಿಸಿ ಜಾಸ್ತಿ.

ಹರಿದಿದ್ದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಕ್ಷಾರ. ಕಣ್ಣಿಗೆ, ಕೈಗೆ ತಾಗಬಾರದು. ಕನ್ನಡಕ, ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡಿ. ಕಿವಿ ಕಡ್ಡಿಯನ್ನು ವಿನೆಗರಿನಲ್ಲಿ ಅದ್ದಿ ಒರೆಸಿದರೆ ಕ್ಷಾರ ಸತ್ತುಹೋಗುತ್ತದೆ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸವೆದ ಗೆರೆಯ ಮೇಲೆ ತೆಳುವಾಗಿ ಬೆಸುಗೆ ಹರಿಸಿದೆ.

ಮೂರು ದಾರಿ

ಒಂದು, ಹೊಸ ಸೈರನ್. ಆ ಮಾಡೆಲ್ಲಿನದು ಇಲ್ಲಿ ಸಿಗುವುದಿಲ್ಲ, ಹೊರಗಿನಿಂದ ತರಿಸಬೇಕು, ದುಡ್ಡೂ ಕಾಯುವುದೂ ಎರಡೂ ಜಾಸ್ತಿ. ಎರಡು, ಸೈರನ್ ತೆಗೆದು ಗಾಡಿಯನ್ನು ಹಾಗೇ ಬಿಡುವುದು. ಕಳುವಿನ ಭಯ ಇರುವವರಿಗೆ ಅದು ಉತ್ತರವಲ್ಲ. ಮೂರು, ಸೆಲ್ ಮಾತ್ರ ಬದಲಿಸುವುದು. ಮೂರನೆಯದನ್ನೇ ಆರಿಸಿದೆವು.

ಇಲ್ಲಿ ಇನ್ನೊಂದು ಮಾತು. ಯಾರೋ ಮಾಲೀಕರಿಗೆ, ಅಂಗಡಿಯಲ್ಲಿ ಸಿಗುವ ಚೌಕದ 9 ವೋಲ್ಟ್ ಆಲ್ಕಲೈನ್ ಬ್ಯಾಟರಿ ತುರುಕಿದರೆ ಆಯಿತು ಅಂದಿದ್ದರಂತೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಚಾರ್ಜ್ ಮಾಡುವ ಬ್ಯಾಟರಿ ಅಲ್ಲ, ಈ ಸರ್ಕ್ಯೂಟ್ ಅದನ್ನೂ ಚಾರ್ಜ್ ಮಾಡಲು ಹೋಗುತ್ತದೆ, ಸೋರುತ್ತದೆ, ಒಡೆಯಲೂಬಹುದು. ಲಿಥಿಯಂ ಸೆಲ್ ಅಂತೂ ಬೇಡವೇ ಬೇಡ. ಅದನ್ನು ತುಂಬುವ ರೀತಿಯೇ ಬೇರೆ, ಪ್ರತಿ ಸೆಲ್ಲಿಗೂ 4.2 ವೋಲ್ಟಿಗೆ ಸರಿಯಾಗಿ ನಿಲ್ಲಿಸುವ ಸರ್ಕ್ಯೂಟ್ ಬೇಕು. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಅಂಥ ಪ್ರಯೋಗ ಮಾಡಬಾರದು. ಒಳಗೆ ಯಾವ ಜಾತಿಯ ಸೆಲ್ ಇತ್ತೋ ಅದೇ ಜಾತಿ, ಅಷ್ಟೇ ಸಂಖ್ಯೆ.

ಅವಸರದಲ್ಲಿ ನಾನು ಮಾಡಿದ ತಪ್ಪು

ಆಯುಧ ಪೂಜೆಗೆ ಆರು ದಿನ ಇತ್ತು. ಗಾಡಿ ತೊಳೆದು, ಹೂವು ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ತೆಗೆಯುವ ದಿನ ಅದು ಅರ್ಧಂಬರ್ಧ ಬಿಚ್ಚಿಕೊಂಡು ನಿಂತಿರಬಾರದು ಅಂತ ಮಾಲೀಕರ ಆಸೆ. ನನ್ನ ಅಂಗಡಿಯಲ್ಲೂ ಹಬ್ಬದ ಗಿರಾಕಿ. ಬೇಕಾಗಿದ್ದು ಎರಡೂ ತುದಿಗೆ ನಿಕಲ್ ಪಟ್ಟಿ ವೆಲ್ಡ್ ಮಾಡಿದ ಗಿಡ್ಡ ಸೆಲ್. ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿದರೆ ಹತ್ತು ದಿನ ಆಗುತ್ತದೆ ಅಂದರು.

ನಾನು ಕಾಯಬೇಕಿತ್ತು. ಕಾಯಲಿಲ್ಲ. ಮಾಮೂಲಿ ಟ್ರಿಪಲ್ ಎ ರೀಚಾರ್ಜಬಲ್ ಸೆಲ್ ಆರು ತಗೊಂಡು, ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಕೂರಿಸಿದೆ. ಅದು ಸೈರನ್ನಿನ ಒಳಗೆ ಹಿಡಿಯುವುದಿಲ್ಲ, ಹಾಗಾಗಿ ವೈರ್ ಹೊರಗೆ ತಂದು ಹೋಲ್ಡರನ್ನು ಸೀಟಿನ ಕೆಳಗೆ ಟೇಪ್ ಸುತ್ತಿ ಕಟ್ಟಿದೆ. ಜಾತಿ ಸರಿ, ಸಂಖ್ಯೆ ಸರಿ, ವೋಲ್ಟೇಜ್ ಸರಿ. ಕರೆಂಟ್ 10 ಮಿಲಿಆಂಪಿಯರಿಗೆ ಇಳಿಯಿತು. ಸೈರನ್ ಕನೆಕ್ಟರ್ ಎಳೆದರೆ ಗಟ್ಟಿಯಾಗಿ ಕೂಗಿತು. ಹಬ್ಬ ಚೆನ್ನಾಗಿ ಆಯಿತು. ಒಂದು ತಿಂಗಳು ಬಿಟ್ಟು ಒಂದು ಸಲ ತೋರಿಸಿ ಅಂತ ಹೇಳಿ ಕಳಿಸಿದೆ.

ಹೇಳದಿದ್ದರೆ ಅವರು ಬರುತ್ತಲೇ ಇರಲಿಲ್ಲ, ಯಾಕಂದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ರಾತ್ರಿ ಕೂಗುತ್ತಿಲ್ಲ, ಬ್ಯಾಟರಿ ಇಳಿಯುತ್ತಿಲ್ಲ, ರಿಮೋಟ್ ಒತ್ತಿದರೆ ಪೀಪ್ ಅನ್ನುತ್ತದೆ. ನವೆಂಬರಿನಲ್ಲಿ ಬಂದರು. ಕನೆಕ್ಟರ್ ಎಳೆದೆ. ಒಂದು ಚೂರೂ ಸದ್ದಿಲ್ಲ.

ಹೋಲ್ಡರ್ ಬಿಚ್ಚಿ ನೋಡಿದೆ. ಒಂದು ಸ್ಪ್ರಿಂಗ್ ಇಂಜಿನ್ನಿನ ನಡುಕಕ್ಕೆ ವಾಲಿ, ಸೆಲ್ಲಿನ ತಳದಲ್ಲಿ ಉಜ್ಜಿ ಉಜ್ಜಿ ಕಪ್ಪು ಉಂಗುರ ಮಾಡಿತ್ತು. ಅಲ್ಲಿ ಸಂಪರ್ಕವೇ ಇಲ್ಲ. ಸೈರನ್ನಿಗೆ ಒಳಗೆ ಬ್ಯಾಟರಿಯೇ ಇಲ್ಲದ ಹಾಗೆ. ಆ ಮೂರು ನಾಲ್ಕು ವಾರದಲ್ಲಿ ಕಳ್ಳ ಬಂದು ಬ್ಯಾಟರಿ ವೈರ್ ಕತ್ತರಿಸಿದ್ದರೆ ಗಾಡಿ ಸದ್ದಿಲ್ಲದೆ ಹೋಗುತ್ತಿತ್ತು. ಮೊದಲಿನ ದೋಷ ಕನಿಷ್ಠ ಕೂಗಿ ಕೂಗಿ ಹೇಳುತ್ತಿತ್ತು. ನಾನು ಮಾಡಿಟ್ಟ ದೋಷ ಬಾಯಿ ಬಿಡದೆ ಕೂತಿತ್ತು, ನನಗೆ ನಿಜವಾಗಿ ಬೇಜಾರಾಗಿದ್ದು ಅದಕ್ಕೆ. ಮಾಲೀಕರಿಗೆ ಹೋಲ್ಡರ್ ಕೈಗೆ ಕೊಟ್ಟು ತೋರಿಸಿ, ಇದು ನನ್ನ ತಪ್ಪು ಸರ್, ಮತ್ತೆ ಮಾಡಿಕೊಡುತ್ತೇನೆ, ದುಡ್ಡು ಬೇಡ ಅಂದೆ.

ಎರಡನೇ ಸಲ

ಪಟ್ಟಿ ಇರುವ ಸೆಲ್ಲುಗಳು ಅಷ್ಟರಲ್ಲಿ ಬಂದಿದ್ದವು. ಆರಕ್ಕೂ ಸೇರಿ ಸಾವಿರ ರೂಪಾಯಿಯ ಒಳಗೆ. ಹದಿನೈದು ಸಾವಿರ ಕಳೆದ ಮೇಲೆ ಇಷ್ಟೇನಾ ಅಂತ ಮಾಲೀಕರು ಬೆರಗಾದರು. ಪಟ್ಟಿ ಯಾಕೆ ಬೇಕು ಅಂದರೆ, ಸೆಲ್ಲಿನ ಮೈಗೆ ಸೀದಾ ಬೆಸುಗೆ ಹಾಕಿದರೆ ಆ ಬಿಸಿಗೆ ಒಳಗಿನ ಸೀಲ್ ಹಾಳಾಗಿ ಮತ್ತೆ ಸೋರಲು ದಾರಿ ಆಗುತ್ತದೆ. ಪಟ್ಟಿಯ ತುದಿಗೆ ಬೆಸುಗೆ ಹಾಕಿದರೆ ಬಿಸಿ ಸೆಲ್ಲಿಗೆ ಹೋಗುವುದಿಲ್ಲ. ತಾನೇ ಇಳಿಯುವುದು ಕಮ್ಮಿ ಇರುವ ಜಾತಿಯ ಸೆಲ್ ಕೇಳಿ ತರಿಸಿದ್ದೆ. ಮಾಮೂಲಿ ನಿಕಲ್ ಸೆಲ್ ಸುಮ್ಮನೆ ಇಟ್ಟರೂ ತಿಂಗಳಿಗೆ ಐದರಲ್ಲಿ ಒಂದು ಭಾಗದಷ್ಟು ಕಳೆದುಕೊಳ್ಳುತ್ತದೆ.

ಆರೂ ಸೆಲ್ಲನ್ನು ಒಂದೊಂದಾಗಿ ಅಳೆದು, ಸಾಲಾಗಿ ಜೋಡಿಸಿ, ನಡುವೆ ಫೈಬರ್ ಪೇಪರ್ ಇಟ್ಟು, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಶ್ರಿಂಕ್ ಟ್ಯೂಬ್ ಹಾಕಿದೆ. ಸೈರನ್ನಿಗೆ ಹಾಕುವ ಮೊದಲು ಹೊರಗೇ 30 ಮಿಲಿಆಂಪಿಯರಿನಲ್ಲಿ 15 ಗಂಟೆ ನಿಧಾನವಾಗಿ ತುಂಬಿಸಿದೆ. ಎಲ್ಲ ಸೆಲ್ಲೂ ಒಂದೇ ಮಟ್ಟಕ್ಕೆ ಬರಲು ಇದು ಸುಲಭದ ದಾರಿ. ಪ್ಯಾಕ್ ಅಲುಗಾಡದ ಹಾಗೆ ಸುತ್ತ ಸಿಲಿಕೋನ್ ಹಾಕಿದೆ. ಸಿಲಿಕೋನಿನಲ್ಲೂ ನೋಡಿ ತಗೊಳ್ಳಿ. ಹಿಂಡಿದಾಗ ವಿನೆಗರ್ ವಾಸನೆ ಬಂದರೆ ಅದು ಬೇಡ. ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಟ್ಯೂಬಿನ ಮೇಲೆ ಬರೆದಿರುವುದೇ ಬೇಕು. ಮುಚ್ಚಳವನ್ನೂ ಅದರಲ್ಲೇ ಸೀಲ್ ಮಾಡಿದೆ. ಮುಂದೆ ತೆಗೆಯಬೇಕಾದಾಗ ಬ್ಲೇಡ್ ಬೇಡ, ಚಾಕುವಿಗೇ ಬಿಟ್ಟುಕೊಡುತ್ತದೆ.

ರಿಮೋಟ್ ತೆಗೆದು ನೋಡಿದರೆ ಸಿಆರ್ 2032 ಸೆಲ್ 2.6 ವೋಲ್ಟಿಗೆ ಬಂದಿತ್ತು, 3 ಇರಬೇಕು. ಮೂರನೇ ಮಹಡಿಯಿಂದ ನಿಲ್ಲಿಸಲಾಗದೆ ಲಿಫ್ಟ್ ಇಳಿಯುತ್ತಿದ್ದಕ್ಕೆ ಇದೂ ಒಂದು ಕಾರಣ. ಬದಲಿಸಿದೆ. ಮಂದ ಮಾಡಿಟ್ಟಿದ್ದ ಅಲುಗಾಟದ ಸೆನ್ಸರನ್ನು ಮೊದಲಿನ ಮಟ್ಟಕ್ಕೆ ತಂದೆ. ಸೋರಿದ ಹಳೇ ಸೆಲ್ಲುಗಳನ್ನು ಕಸದ ಬುಟ್ಟಿಗೆ ಹಾಕದೆ ಇ-ವೇಸ್ಟ್ ತಗೊಳ್ಳುವವರಿಗೆ ಕೊಟ್ಟೆ. 2022ರ ಬ್ಯಾಟರಿ ತ್ಯಾಜ್ಯ ನಿಯಮ ಸಣ್ಣ ಸೆಲ್ಲುಗಳಿಗೂ ಅನ್ವಯಿಸುತ್ತದೆ.

ಆಮೇಲಿನ ಪರೀಕ್ಷೆ

ಈ ಸಲ ಅರ್ಧ ನಿಮಿಷ ಕೂಗಿಸಿ ಸಾಕು ಅನ್ನಲಿಲ್ಲ. ಅಂಗಡಿಯಲ್ಲೇ ಮಧ್ಯಾಹ್ನ ಅಕ್ಕಪಕ್ಕದವರಿಗೆ ಮೊದಲೇ ಹೇಳಿ, ಸೈರನ್ನನ್ನು ಎರಡು ಹಳೇ ಕಂಬಳಿಯಲ್ಲಿ ಸುತ್ತಿ, ಅದರ 12 ವೋಲ್ಟ್ ಕಡಿದು ಐದು ನಿಮಿಷ ಕೂಗಲು ಬಿಟ್ಟೆ. ದನಿ ಕುಗ್ಗಲಿಲ್ಲ. ಗಾಡಿಗೆ ಹಾಕಿದ ಮೇಲೆ ನಿಂತಾಗಿನ ಕರೆಂಟ್ 10 ಮಿಲಿಆಂಪಿಯರ್, ದಿನಕ್ಕೆ 0.24 ಆಂಪಿಯರ್-ಅವರ್. 12ರ ಬ್ಯಾಟರಿ ಲೆಕ್ಕದಲ್ಲಿ 50 ದಿನ ಎಳೆಯುತ್ತದೆ.

ಮಾಲೀಕರಿಗೆ ಇನ್ನೊಂದು ಕೆಲಸ ಹೇಳಿದೆ. ಎರಡು ಭಾನುವಾರ ಬೈಕ್ ತೆಗೆಯಬೇಡಿ, ಅಲಾರಂ ಆನ್ ಮಾಡಿ ಹತ್ತು ದಿನ ಹಾಗೇ ಬಿಡಿ ಅಂತ. ಅವರಿಗೆ ಅದು ಕಷ್ಟವೇ ಆಯಿತು, ಆದರೂ ಬಿಟ್ಟರು. ಶುರುವಿನಲ್ಲಿ 12.8 ವೋಲ್ಟ್ ಇದ್ದದ್ದು ಹತ್ತನೇ ದಿನ 12.6. ರಾತ್ರಿ ಒಂದು ಸಲವೂ ಕೂಗಲಿಲ್ಲ. ನೆಲಮಹಡಿಯ ಅಜ್ಜಿಯನ್ನೂ ಕೇಳಿದೆ, ಅವರ ಮಾತಿನ ಮೇಲೆ ನನಗೆ ಮೀಟರಿನಷ್ಟೇ ನಂಬಿಕೆ. "ಕೆಂಪು ಪೆನ್ನು ಎಲ್ಲಿಟ್ಟೆನೋ ಗೊತ್ತಿಲ್ಲಪ್ಪ," ಅಂದರು.

ಇದಾದ ಮೇಲೆ ನನ್ನ ಕೆಲಸದಲ್ಲಿ ಒಂದೆರಡು ಬದಲಾವಣೆ ಮಾಡಿಕೊಂಡಿದ್ದೇನೆ. ಅಲಾರಂ ಇರುವ ಗಾಡಿ ಬ್ಯಾಟರಿ ಇಳಿಯುತ್ತದೆ ಅಂತ ಬಂದರೆ, ಹೊಸ ಬ್ಯಾಟರಿ ಬಗ್ಗೆ ಮಾತಾಡುವ ಮೊದಲು ಸೈರನ್ ಕನೆಕ್ಟರ್ ಹಾಕಿ ಒಂದು ಸಲ, ತೆಗೆದು ಒಂದು ಸಲ ಕರೆಂಟ್ ಅಳೆಯುತ್ತೇನೆ. ಯಾವ ವಾರ, ಎಷ್ಟು ದಿನ ನಿಂತ ಮೇಲೆ ತೊಂದರೆ ಬಂತು ಅಂತ ಕೇಳಿ ಬರೆದುಕೊಳ್ಳುತ್ತೇನೆ. ಗಿರಾಕಿಗೆ ಅವಸರ ಇದ್ದರೆ ಸೈರನ್ನನ್ನು ಪೂರ್ತಿ ತೆಗೆದು, ಅಲಾರಂ ಇಲ್ಲ ಅಂತ ಸ್ಪಷ್ಟವಾಗಿ ಹೇಳಿ ಡಿಸ್ಕ್ ಲಾಕ್ ಹಾಕಿಸಿ ಕಳಿಸುತ್ತೇನೆ. ಅರೆಬರೆ ಕಟ್ಟಿ ಕಳಿಸುವುದಿಲ್ಲ.

ಈ ಗಾಡಿಯ ಸೈರನ್ ಮುಚ್ಚಳದ ಒಳಗೂ ಸೀಟಿನ ತಳದಲ್ಲೂ ಮಾರ್ಕರಿನಲ್ಲಿ ಸೆಲ್ ಹಾಕಿದ ತಿಂಗಳು, ಇಸವಿ ಬರೆದಿದ್ದೇನೆ. ಕಳೆದುಹೋಗಿದ್ದ ಆ ಪುಟ್ಟ ಕೀ ಕೊನೆಗೆ ಮಾಲೀಕರ ಮನೆಯ ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿತು. ಈಗ ಅದು ಬೈಕ್ ಕೀ ಗೊಂಚಲಿನಲ್ಲೇ ಇದೆ. ಪ್ರತಿ ವರ್ಷ ಆಯುಧ ಪೂಜೆಗೆ ಗಾಡಿ ತೊಳೆಯುವ ದಿನ ಹಗಲು ಹೊತ್ತಿನಲ್ಲಿ ಒಂದು ಸಲ ಕನೆಕ್ಟರ್ ಎಳೆದು ಒಂದು ನಿಮಿಷ ಕೂಗಿಸಿ ನೋಡುವುದು, ನಾಲ್ಕು ವರ್ಷ ಆದ ಮೇಲೆ ಕೂಗಿದರೂ ಸೆಲ್ ಬದಲಿಸುವುದು ಅಂತ ಮಾತಾಗಿದೆ.